ಅರಿಶಿನ ಮೆತ್ತಿದ ಕಿವಿ

"ಅಮ್ಮಾ, ಚೆಲುವಯ್ಯನ ಕಿವೀನ ಯಾವ್ದು ತಿಂತಾ ಅದೆ?"

ಐದು ವರ್ಷದ ಮಾನಸ ಕಣದ ಬದಿಯಲ್ಲಿ ನಿಂತು ಗಟ್ಟಿಯಾಗಿ ಕೇಳಿದ್ದಕ್ಕೆ ಧಣಿ ಮನೆಯ ಸೊಸೆ ಪವಿತ್ರ ಮಗಳ ಬಾಯಿ ಮುಚ್ಚಿದಳು. ಆದರೆ ಕಣ್ಣು ಅತ್ತಲೇ ಹೋಯಿತು. ಚೆಲುವಯ್ಯನ ಬಲಗಿವಿಯ ಮೇಲಂಚಿಗೆ ಮೆತ್ತಿದ್ದ ಅರಿಶಿನ ಒಣಗಿ ಬಿರಿದಿತ್ತು. ಬಿರುಕಿನಿಂದ ರಸಿಗೆ ಜಿನುಗಿ, ನೊಣ ಮುತ್ತಿತ್ತು. ಗಾಳಿ ಈಚೆ ತಿರುಗಿದಾಗ ಬಂದ ವಾಸನೆಗೆ ಅವಳು ಮುಖ ಪಕ್ಕಕ್ಕೆ ಹೊರಳಿಸಿದಳು. ಅವನ ಬೊಗಸೆಗೆ ಹುಯ್ಯುತ್ತಿದ್ದ ಮಜ್ಜಿಗೆಯನ್ನು ಇನ್ನೊಂದು ಗೇಣು ಮೇಲಿಂದ ಹುಯ್ದಳು.

ಹರವೆ ಊರಿನ ಆ ಕಣದಲ್ಲಿ ಅರಿಶಿನವನ್ನು ಹದವರಿತು ಬೇಯಿಸಲು ಚೆಲುವಯ್ಯನನ್ನು ಬಿಟ್ಟರೆ ಯಾರೂ ಇರಲಿಲ್ಲ. ಹುಟ್ಟಿನಿಂದಲೇ ಅವನ ಮೈಯೆಲ್ಲ ಬಿಳಿ. ಕೂದಲು, ಹುಬ್ಬು, ರೆಪ್ಪೆ ಕೂಡ ಮುಸುಕಿನ ಜೋಳದ ನಾರಿನ ಬಣ್ಣ. ಊರು ಆಡಿಕೊಂಡಷ್ಟೂ ಅವನವ್ವ ಹಟಕ್ಕೆ ಬಿದ್ದು ಚೆಲುವಯ್ಯ ಎಂದೇ ಹೆಸರಿಟ್ಟಳು. ಬೋರ್ಡು ಕಾಣದೆ ಸ್ಕೂಲು ಎರಡೇ ತಿಂಗಳಿಗೆ ಮುಗಿಯಿತು. ಹೆಣ್ಣು ಕೊಡುವವರಿಲ್ಲದೆ ಅಕ್ಕ ಮಾದಮ್ಮನ ಮನೆಯಲ್ಲೇ ನಲವತ್ತು ದಾಟಿತು. ಬೇರೆಯವರು ಗೆಡ್ಡೆಗೆ ಕಡ್ಡಿ ಚುಚ್ಚಿ ಹದ ನೋಡಿದರೆ, ಕಣ್ಣು ಮಂಜಾದ ಇವನು ಕೊಪ್ಪರಿಗೆಯ ಹಬೆಗೆ ಮೂಗೊಡ್ಡಿ, "ಸಾಕು, ಇಳಿಸ್ರಲಾ" ಅನ್ನುತ್ತಿದ್ದ. ಬೆಂದದ್ದನ್ನು ಬಿಸಿಲಿಗೆ ಹರಡಿ ಮಗುಚುವುದೂ ಅವನ ಪಾಲಿಗೇ.

"ದೊರೆ, ಇಂಗ್ಲೆಂಡಿಂದ ಕಾಗ್ದ ಬಂದದೆ!" ಎಂದು ಆಳುಗಳು ರೇಗಿಸುತ್ತಿದ್ದರು.

"ಯಾರ್ಲಾ ಓದೋದು? ನಿಂಗೆ ಅಕ್ಷರ ಬರಕಿಲ್ಲ, ನಂಗೆ ಕಣ್ಣು ಕಾಣಕಿಲ್ಲ."

ಹೋದ ದೀಪಾವಳಿಗೆ ಆ ಹುಣ್ಣು ಅಲಸಂದೆ ಕಾಳಿನಷ್ಟಿತ್ತು. ಕಣದಲ್ಲಿ ಯಾರಿಗೆ ಏನು ಗಾಯವಾದರೂ ಅರಿಶಿನವೇ ಮದ್ದು. ಹಳೆಯದು ಉದುರುವ ಮೊದಲೇ ಹೊಸದನ್ನು ಮೆತ್ತಿ ಮೆತ್ತಿ, ಒಳಗೇನಾಗುತ್ತಿದೆ ಎಂದು ಯಾರೂ ನೋಡಲಿಲ್ಲ.

ತೊಂಬತ್ತಾರರ ಮಾರ್ಚಿನಲ್ಲಿ ಗುಂಡ್ಲುಪೇಟೆಯ ಶಾಲೆಯೊಂದರಲ್ಲಿ ಚರ್ಮದ ಕಾಯಿಲೆಯ ಕ್ಯಾಂಪು ನಡೆಯಿತು. ಮನೆಯಲ್ಲಿ ಮಾನಸಳ ಬೆವರುಸಾಲೆಯ ನೆಪ ಹೇಳಿ ಪವಿತ್ರ ಹೊರಟಳು; ಮಾದಮ್ಮ ತಮ್ಮನನ್ನು ಎಳೆದು ತಂದಳು. ಬಸ್ಸಿನಲ್ಲಿ ನಿಂತವರಿದ್ದರೂ ಅಕ್ಕನನ್ನು ಬಿಟ್ಟರೆ ಅವನ ಪಕ್ಕದಲ್ಲಿ ಯಾರೂ ಕೂರಲಿಲ್ಲ. ಮುಂದಿನ ಸೀಟಿನ ಪವಿತ್ರಳೂ ಕಿಟಕಿಗೆ ಮೂಗಿಟ್ಟಳು.

ಡಾಕ್ಟರಮ್ಮ ಅರಿಶಿನವನ್ನು ನೆನೆಸಿ ಪದರ ಪದರ ಬಿಡಿಸಿದರು. ಅಡಿಯಲ್ಲಿ ಹೂಕೋಸಿನಂತೆ ಕೊಬ್ಬಿದ ಮಾಂಸ. ಪವಿತ್ರ ಸೆರಗಿನಿಂದ ಬಾಯಿ ಒತ್ತಿಕೊಂಡಳು.

"ತಿಂಗಳಾದ್ರೂ ಮಾಯ್ದೆ, ಹಕ್ಕಳೆ ಕಟ್ಟಿ ಮತ್ತೆ ಮತ್ತೆ ರಕ್ತ ಬರೋ ಹುಣ್ಣು ಅರಿಶಿನಕ್ಕೆ ಬಗ್ಗಲ್ಲ. ಇದು ಕ್ಯಾನ್ಸರೇ ಇರ್ಬೇಕು. ಇವನ ಚರ್ಮಕ್ಕೆ ಬಿಸಿಲು ತಡೆಯೋ ಬಣ್ಣವೇ ಇಲ್ಲ. ತಲೆಗೆ ಬಟ್ಟೆ ಕಟ್ಟಲ್ವೇನಪ್ಪ?"

"ಕಟ್ತೀನಿ ಕಣವ್ವ. ಬುದ್ಧಿಯೋರು ಕಣಕ್ಕೆ ಬಂದ್ರೆ ಬಿಚ್ಚಿ ಸೊಂಟಕ್ಕೆ ಸುತ್ಕತೀನಿ."

"ಎಷ್ಟೊತ್ತು ಇರ್ತಾರೆ ಅವರು?"

"ಅನ್ನೊಂದ್ಕೆ ಬಂದ್ರೆ ಮೂರ್ ಗಂಟೆ ಗಂಟ."

ಡಾಕ್ಟರಮ್ಮ ಮೈಸೂರಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಬುದ್ಧಿಯವರೆಂದರೆ ಪವಿತ್ರಳ ಮಾವ ಶಿವರುದ್ರಸ್ವಾಮಿ. ಅವರು ಹುಣಸೆ ನೆರಳಲ್ಲಿ ಮಂಚ ಹಾಕಿಸಿ ಎಲೆಯಡಿಕೆ ಜಗಿಯುವುದನ್ನು, ಎದುರಿಗೆ ಆ ಬಿಳಿ ತಲೆ ಬಿರುಬಿಸಿಲಲ್ಲಿ ಬಾಗುವುದನ್ನು ಅವಳು ಏಳು ವರ್ಷದಿಂದ ನೋಡಿದ್ದಳು. ಧಣಿಯ ಮುಂದೆ ಆಳಿನ ತಲೆಗೆ ಬಟ್ಟೆ ಇರಬಾರದೆಂದು ಯಾರೂ ಹೇಳಿದ್ದಿಲ್ಲ. ಇರಲಿ ಎಂದೂ ಯಾರೂ ಅಂದಿದ್ದಿಲ್ಲ. ಹುಣ್ಣು ನೋಡಿದಾಗ ಬಾರದಷ್ಟು ಹೇಸಿಗೆ ಅವಳಿಗೆ ಈಗ ಬಂತು. ತಾನೇ ಮೇಲಿಂದ ಹುಯ್ದ ಮಜ್ಜಿಗೆಯೂ ಅದರಲ್ಲಿ ಸೇರಿತ್ತು.

ಮೈಸೂರಿನಲ್ಲಿ ಚೆಲುವಯ್ಯನ ಅರ್ಧ ಕಿವಿ ಕತ್ತರಿಸಿದರು. ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ ಹಾಕಬೇಕು; ಹತ್ತರಿಂದ ನಾಲ್ಕರವರೆಗೆ ಆದಷ್ಟೂ ನೆರಳಲ್ಲಿರಬೇಕು; ಎಲ್ಲೇ ಹೊಸ ಹಕ್ಕಳೆ ಕಂಡರೂ ಕೂಡಲೇ ಬರಬೇಕು ಎಂದು ಹೇಳಿ ಕಳಿಸಿದರು.

"ಅರ್ಧ ಕಿವೀಲಿ ನಾನೇಳದು ಅರ್ಧನೇ ಕೇಳ್ತದೇನ್ಲಾ?" ಎಂದು ಶಿವರುದ್ರಸ್ವಾಮಿ ಕೆಂಪಗೆ ಉಗಿದು ನಕ್ಕರು. ಬ್ಯಾಂಡೇಜಿನ ತಲೆ ತಗ್ಗಿಸಿ ಚೆಲುವಯ್ಯನೂ ನಕ್ಕ. ಟವಲು ಸೊಂಟದಲ್ಲೇ ಇತ್ತು. ಆ ನಗು ಕೇಳಲಾರದೆ ಪವಿತ್ರ ಒಳಗೆ ಹೋಗಿ ಹಳೇ ಬೆಡ್‌ಶೀಟು ಕತ್ತರಿಸಿ ಟೋಪಿ ಹೊಲಿಯಲು ಕೂತಳು.

ಮಾರನೆಯ ಬೆಳಿಗ್ಗೆ ಅವನು ಆ ಟೋಪಿ ಹಿಡಿದು ಹಿತ್ತಿಲ ಬಾಗಿಲಿಗೆ ಬಂದ.

"ಚಂದಾಗದೆ ಕಣವ್ವ. ಆದ್ರೆ ಬುದ್ಧಿಯೋರ ಮುಂದೆ ಇಕ್ಕಳಕೆ ಆಗಕಿಲ್ಲ."

"ತೆಗೀಬೇಡ ಅಂತ ಮಾವನ ಕೈಲೇ ಹೇಳಿಸ್ತೀನಿ, ಚೆಲುವಯ್ಯ."

"ಅವ್ರು ಯೋಳುದ್ರೂ ಈ ಕೈ ಕೇಳಕಿಲ್ಲ. ಅವ್ರ ಕೆಮ್ಮು ಕೇಳುಸ್ತಿದ್ದಂಗೆ ತಾನೇ ತಲೆಗೋಯ್ತದೆ." ಅವನು ಟೋಪಿಯನ್ನು ಎದೆಗೆ ಒತ್ತಿಕೊಂಡ. "ಒಂದುಪಕಾರ ಮಾಡಿ, ಅವ್ವಾ. ಬಿಸುಲೊತ್ನಲ್ಲಿ ಅವ್ರು ಕಣಕ್ಕೇ ಬರ್ದಂಗೆ ಮಾಡ್ಬುಡಿ."