ಬೊಟ್ಟಿಟ್ಟ ಫ್ಲಾಪಿ

ಮಾನ್ಯ ಓದುಗರಲ್ಲಿ ವಿನಂತಿ. ರಜಾ ಅರ್ಜಿಗಳ ಹೊರತು ನಾನು ಇದುವರೆಗೆ ಬೇರೇನನ್ನೂ ಬರೆದವಳಲ್ಲ. ಆದಕಾರಣ ಕಾಗುಣಿತದ ತಪ್ಪುಗಳನ್ನೂ ನನ್ನ ಸೊಟ್ಟ ಅಕ್ಷರಗಳನ್ನೂ ಮನ್ನಿಸಬೇಕಾಗಿ ಮೊದಲೇ ಕೋರುತ್ತೇನೆ.

ಆ ದಿನಗಳಲ್ಲಿ ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಯಲ್ಲಿ ಕಂಪ್ಯೂಟರ್ ಇದ್ದುದು ನಮ್ಮ ಮನೆಯಲ್ಲಿ ಮಾತ್ರ. ಚಿಕ್ಕಪ್ಪ ಎಲ್ಲಿಂದಲೋ ತಂದ ಆ ಹಳೆಯ ಯಂತ್ರವನ್ನು ಟಿ.ವಿ.ಗೆ ಜೋಡಿಸಲಾಗುತ್ತಿತ್ತು. ಬೂಟ್ ಫ್ಲಾಪಿ ಎಂಬ ಕಪ್ಪನೆಯ, ತೆಳ್ಳನೆಯ ಚೌಕವನ್ನು ಅದರ ಬಾಯಿಗಿಟ್ಟರೆ ಮಾತ್ರ ಅದು ಎಚ್ಚರಗೊಳ್ಳುತ್ತಿತ್ತು. ಅಂಥದ್ದು ನಮ್ಮಲ್ಲಿ ಒಂದೇ ಇತ್ತು.

ಆಯುಧಪೂಜೆಯ ಸಂಜೆ ನಮ್ಮ ಟಿ.ವಿ.ಯಲ್ಲಿ ಕಂಪ್ಯೂಟರ್ ಆಟದ ವಿಮಾನ ಹಾರಿಸಿ ತೋರಿಸುವುದಾಗಿ ನಾನು ಬೀದಿಯ ಮಕ್ಕಳಿಗೆಲ್ಲ ಮಾತು ಕೊಟ್ಟಿದ್ದೆ. ಎಲ್ಲರೂ ಕಡ್ಲೆಪುರಿ ಮೆಲ್ಲುತ್ತ ಬಂದು ಕುಳಿತರು. ಮನೆಯಲ್ಲಿ ಚೆಂಡುಹೂವು, ಊದುಬತ್ತಿ, ಹಸಿ ರೇಷ್ಮೆಯ ವಾಸನೆ. ಚಿಕ್ಕಪ್ಪ ಫ್ಲಾಪಿ ತೂರಿಸಿದರು. ಯಂತ್ರ ಕರಕರನೆ ಕೆಮ್ಮಿ ಸುಮ್ಮನಾಯಿತು.

"ಇಮಾನ ಆರಲ್ವಂತೆ, ಬನ್ರಲಾ!" ಎಂದು ಪಕ್ಕದ ಮನೆಯ ಮಾದೇಶ ಕೂಗಿದ. "ಬರೀ ಬುರುಡೆ ಬುಡ್ತಾಳೆ ಕಣ್ಲಾ ಇವ್ಳು!"

ಚಿಕ್ಕಪ್ಪ ಫ್ಲಾಪಿಯನ್ನು ಹೊರಗೆಳೆದು ನೋಡಿದರು. ಒಳಗಿನ ತಟ್ಟೆ ಕಾಣುವ ಕಿಂಡಿಯ ಮೇಲೆ ಒದ್ದೆ ಕುಂಕುಮ!

"ಅವ್ವಾ, ಏನವ್ವಾ ಮಾಡ್ಬುಟ್ಟೆ?" ಎಂದು ಅಜ್ಜಿಯತ್ತ ತಿರುಗಿದರು.

"ಮಗ್ಗುಕ್ ಇಟ್ಟೆ, ಕತ್ರಿಗ್ ಇಟ್ಟೆ. ಇದ್ಯಾಕ್ಲಾ ಬರಿ ಅಣೇಲಿ ಇರ್ಬೇಕು?" ಎಂದರು ಅಜ್ಜಿ.

ಮರುದಿನ ನಾನು ಮತ್ತು ಚಿಕ್ಕಪ್ಪ ಯಳಂದೂರಿಗೆ ಹೊರಟೆವು. ಅಂಥದೇ ಯಂತ್ರ ಹೊಂದಿದ್ದ ಮೇಷ್ಟ್ರೊಬ್ಬರು ಅಲ್ಲಿದ್ದರು. ನಮ್ಮ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿತು. ಮೇಷ್ಟ್ರು ಹೊಸ ಫ್ಲಾಪಿಗೆ ತಮ್ಮದರ ನಕಲು ಇಳಿಸಿದರು. ನಾನು ಕೈಚಾಚಿದೆ.

"ತಡ್ಯವ್ವ, ನಕಲಾದ್ರೆ ಸಾಲ್ದು. ಮಿಸನ್ ಆರ್ಸಿ, ಇದ್ರಿಂದ್ಲೇ ಎಬ್ಸುದ್ಮೇಲೆ ನಂಬ್ಬೇಕು."

ಆರಿಸಿದರು, ಎಬ್ಬಿಸಿದರು. ಅದು ಎದ್ದಿತು! ಬಳಿಕ ಫ್ಲಾಪಿಯ ಅಂಚಿನಲ್ಲಿದ್ದ ಪುಟ್ಟ ಕಚ್ಚನ್ನು ತೋರಿಸಿದರು. "ಇದು ತೆರ್ದಿದ್ರೆ ಒಳಗಿರೋದ್ನ ಯಾರ್ ಬೇಕಾದ್ರೂ ತಿದ್ಬೋದು. ಮುಚ್ಬುಟ್ರೆ ಯಾರೂ ತಿದ್ದಕ್ಕಾಗಲ್ಲ. ಮನೇಗೋಗಿ ಏನಾದ್ರೂ ದಪ್ಪಂದು ಅಂಟ್ಸಿ. ಮೊದ್ಲು ಮಿಸನ್ನಿನ ಬಾಯಿ ಒರ್ಸಿ, ಕುಂಕುಮ ಅಲ್ಲೂ ಮೆತ್ಕಂಡಿರ್ತದೆ."

ಮನೆಯಲ್ಲಿ ಚಿಕ್ಕಪ್ಪ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಯಂತ್ರದ ಬಾಯಿ ಒರೆಸುತ್ತಿರುವಾಗ ಅಜ್ಜಿ ಕುಂಕುಮದ ಬಟ್ಟಲು ಹಿಡಿದು ಮತ್ತೆ ಬಂದರು. "ಒಸ ಸಾಮಾನು, ಬರಿಗೈಲಿ ಸುರು ಮಾಡ್ಬಾರ್ದು ಕಣ್ಲಾ." ಚಿಕ್ಕಪ್ಪ ಫ್ಲಾಪಿಯನ್ನು ಅಂಗಿಯೊಳಗೆ ಬಚ್ಚಿಟ್ಟರು. ನನ್ನ ಕಣ್ಣು ಅಮ್ಮನ ಕನ್ನಡಿಯ ಮೇಲೆ ಬಿತ್ತು. ಅದರ ಪಕ್ಕದಲ್ಲೇ ಅಗಲವಾದ ಮೆರೂನ್ ಬಣ್ಣದ ಸ್ಟಿಕ್ಕರ್ ಬೊಟ್ಟುಗಳ ಹೊಸ ಚೀಟಿ ನೇತಾಡುತ್ತಿತ್ತು.

"ಅಜ್ಜೀ, ಇದ್ನ ಇಡು. ಇಗೋ, ಇಲ್ಲಿಗೆ," ಎಂದು ಚಿಕ್ಕಪ್ಪನ ಅಂಗಿಯಿಂದ ಫ್ಲಾಪಿ ಎಳೆದು ಕಚ್ಚು ತೋರಿಸಿದೆ.

ಅಜ್ಜಿ ಬೊಟ್ಟನ್ನು ಕಚ್ಚಿನ ಮೇಲೆ ಮಡಿಸಿ ಒತ್ತಿದರು. ಪೂಜೆಯೂ ಆಯಿತು, ಕಚ್ಚೂ ಮುಚ್ಚಿತು. ಆ ಸಂಜೆ ವಿಮಾನ ಹಾರಿತು. ಮಾದೇಶ ಬಾಯಿಗೆ ಹಾಕಿಕೊಂಡ ಕಡ್ಲೆಪುರಿಯನ್ನು ಅಗಿಯುವುದನ್ನೇ ಮರೆತ.

ಈಗ ನನ್ನ ಫೋನು ಬೆರಳು ತಾಗಿದೊಡನೆ ಎಚ್ಚರಗೊಳ್ಳುತ್ತದೆ. ಆದರೆ ಅದು ಏಳುವುದೋ ಇಲ್ಲವೋ ಎಂದು ಒಂದು ಬೀದಿಯೇ ಉಸಿರು ಬಿಗಿಹಿಡಿದು ಕೂರುವುದಿಲ್ಲ. ಅಜ್ಜಿಯೂ ಇಲ್ಲ. ಆಯುಧಪೂಜೆಯಂದು ಫೋನಿನ ಬೆನ್ನಿಗೆ ನಾನೇ ಒಂದು ಬೊಟ್ಟು ಅಂಟಿಸುತ್ತೇನೆ.

ಈ ಬರಹದ ಕಚ್ಚನ್ನು ಮಾತ್ರ ಮುಚ್ಚಿಲ್ಲವೆಂದು ತಮ್ಮ ಗಮನಕ್ಕೆ ತರಬಯಸುತ್ತೇನೆ. ತಪ್ಪುಗಳು ಕಂಡುಬಂದಲ್ಲಿ ದಯಮಾಡಿ ತಿದ್ದಬೇಕಾಗಿ ಪ್ರಾರ್ಥನೆ.