ಧಾರೆಯ ಫೋಟೋ

ಗಂಡನ ಮನೆ ಬಿಟ್ಟು ಬಂದ ಸಿಟ್ಟಿನಲ್ಲಿ, ಮದುವೆ ಆಲ್ಬಮ್ಮಿನ ಎಲ್ಲ ಫೋಟೋಗಳಿಂದಲೂ ಅವನ ಮುಖ ಕತ್ತರಿಸಿ ಒಲೆಗೆ ಹಾಕಿದ್ದೆ. ದೇವನಹಳ್ಳಿಯ ವಕೀಲರು ಆಲ್ಬಮ್ ತಿರುವಿ ನೋಡಿ, "ಏನಮ್ಮಾ, ಹಿಂಗ್ ಮಾಡ್ಬಿಟ್ಟಿದೀರಾ! ಮದುವೆ ರಿಜಿಸ್ಟರೂ ಆಗಿಲ್ಲ. ಮದುವೆ ಆಗಿದೆ ಅಂತ ತೋರಿಸಿದ್ಮೇಲೆ ತಾನೆ ಡಿವೋರ್ಸು?" ಎಂದರು. ಆಗಿದ್ದಕ್ಕೇ ಬಂದಿದ್ದೇನೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಕುಂದಾಣದ ಚಿಕ್ಕಮ್ಮನ ಮನೆಯ ಗೋಡೆಯಲ್ಲಿ ನಮ್ಮ ಧಾರೆಯ ಫೋಟೋ ಇನ್ನೂ ಇತ್ತು. ಸೆರಗಿನಲ್ಲಿ ಒರೆಸಿ ಕೊಟ್ಟಳು. "ಕೋರ್ಟಿಗೆ ಮಾತ್ರ ನನ್ನ ಕರೀಬೇಡ ಕಣಮ್ಮಾ" ಎಂದಳು.

"ಫೋಟೋ ಒಂದೇ ಸಾಲಲ್ಲ. ಸಾಕ್ಷಿ ಹೇಳೋಕೆ ಯಾರು ಬರ್ತಾರೆ?" ವಕೀಲರು ಕೇಳಿದರು.

ನಾನು ಫೋಟೋ ನೋಡಿದೆ. ನಮ್ಮಿಬ್ಬರ ಕೈ ಮೇಲೆ ಧಾರೆಯ ಹಾಲು ಎರೆಯಲು ಊರಿಗೆ ಊರೇ ಸಾಲುಗಟ್ಟಿ ನಿಂತಿತ್ತು. ಎಲ್ಲರಿಗಿಂತ ಮುಂದೆ ಚಿಕ್ಕಮ್ಮ, ಹಾಲಿನ ಚೊಂಬು ಹಿಡಿದು.