ಅಯ್ಯನವರು ಬರೆದುಕೊಟ್ಟ ನಾನು

ವರ್ಷಕ್ಕೆ ಒಂದು ಭಾನುವಾರ ನಮ್ಮ ಚರ್ಚು ಹೆಂಗಸರ ಕೈಗೆ ಬರುತ್ತದೆ. ಗಂಟೆ ಹೊಡೆಯುವುದರಿಂದ ಹಿಡಿದು ಪೀಠದಲ್ಲಿ ನಿಂತು ಪ್ರಸಂಗ ಮಾಡುವವರೆಗೆ ಅವತ್ತು ಎಲ್ಲವೂ ನಮ್ಮದೇ. ಗಂಡಸರು ಹಿಂದಿನ ಅಂಗಳದಲ್ಲಿ ಒಲೆ ಹೂಡಿ ಪಲಾವ್ ಮಾಡುತ್ತಾರೆ, ಆ ಒಂದು ಪಲಾವಿನ ಮಾತನ್ನು ಮುಂದಿನ ವರ್ಷದವರೆಗೂ ಆಡುತ್ತಾರೆ. ಹೊರಗಿನಿಂದ ನೋಡಿದವರಿಗೆ ಇದು ದೊಡ್ಡ ಸ್ವಾತಂತ್ರ್ಯ. ಒಳಗಿನ ಗುಟ್ಟು ಬೇರೆ. ಪ್ರಸಂಗ ಮಾಡುವವಳು ಹೆಂಗಸು, ನಿಜ. ಅದನ್ನು ಬರೆಯುವವರು ಅವಳ ಗಂಡ, ಇಲ್ಲವೆ ನಾವು ಅಯ್ಯನವರು ಎಂದು ಕರೆಯುವ ಸಭೆಯ ಪಾದ್ರಿಗಳು. ನಾವು ಅದನ್ನು ನಮ್ಮ ಕೈಬರಹದಲ್ಲಿ ನಕಲು ಮಾಡಿಕೊಳ್ಳುತ್ತೇವೆ. ಮುಂದಿನ ಬೆಂಚಿನವರಿಗೆ ಕಾಗದ ಕಾಣಿಸುತ್ತದಲ್ಲ.

ಹೋದ ವರ್ಷ ಮದ್ದೂರಿನ ನಮ್ಮ ಸಭೆಯಲ್ಲಿ ನನ್ನ ಸರದಿ ಬಂತು. ಇಲ್ಲಿ ನಾನು ಕೀಬೋರ್ಡ್ ನುಡಿಸುವವರ ಮನೆಯವರು. ಹುಟ್ಟಿ ಬೆಳೆದ ಬ್ಲಫ್ ಎಂಬ ವಿದ್ಯುತ್ ಕಾಲೊನಿಯಲ್ಲಿ ಪವರ್‌ಹೌಸ್ ಆಪರೇಟರರ ಎರಡನೇ ಮಗಳು. ದಿನಾ ಬಸ್ಸು ಹಿಡಿದು ಹೋಗುವ ಮಂಡ್ಯದ ನರ್ಸಿಂಗ್ ಹೋಮಿನಲ್ಲಿ ಸಿಸ್ಟರು. ಐವತ್ತೊಂದು ವರ್ಷ ಇಷ್ಟರಲ್ಲೇ ಸಾಗಿಹೋಗಿತ್ತು. ಇದರ ಜೊತೆಗೆ ನಾನು ಚಿಂತೆಗಾತಿ. ಮನೆಗೆ ಬೀಗ ಹಾಕಿ ಎಳೆದು ನೋಡುತ್ತೇನೆ. ಎಳೆದದ್ದರಿಂದಲೇ ಸಡಿಲವಾಯಿತೇನೋ ಎಂದು ಮತ್ತೊಮ್ಮೆ ಎಳೆಯುತ್ತೇನೆ. ಇಂಥವಳಿಗೆ ಕೊಟ್ಟ ವಿಷಯ: 'ದೇವರು ಕೊಟ್ಟ ಗುರುತು, ದೇವರು ಕೊಟ್ಟ ಕೆಲಸ.' ನನಗೆ ಗೊತ್ತಿದ್ದ ನನ್ನ ಗುರುತು ಆಧಾರ್ ಕಾರ್ಡಿನಲ್ಲಿತ್ತು. ಅದರಲ್ಲೂ ಫೋಟೊ ನಮ್ಮತ್ತೆಯ ಹಾಗೆ ಬಂದಿತ್ತು.

ನನ್ನ ಯಜಮಾನರು ನುಡಿಸುತ್ತಾರೆ, ಬರೆಯುವುದಿಲ್ಲ. ಅಯ್ಯನವರ ಹತ್ತಿರ ಹೋದೆ. ಅವರಿಗೆ ಮದ್ದೂರು, ಮಳವಳ್ಳಿ ಎರಡೂ ಸಭೆಗಳ ಉಸ್ತುವಾರಿ. ಕೇಳಿದ್ದೇ ತಡ, ಮೇಜಿನ ಖಾನೆಯಿಂದ ಎಂಟು ಪುಟ ತೆಗೆದುಕೊಟ್ಟರು.

"ಯಾರಿಗೂ ಹೇಳಬೇಡಿ ಅಯ್ಯನವರೇ" ಅಂದೆ.

"ಉಸಿರು ಬಿಡಲ್ಲಮ್ಮ" ಅಂದರು. ಕೊಟ್ಟ ಮಾತಿಗೆ ತಪ್ಪಲಿಲ್ಲ. ತೊಂದರೆ ಶುರುವಾದದ್ದು ಅಲ್ಲಿಂದಲೇ.

ಆಮೇಲೆ ನಮ್ಮ ಹೆಂಗಸರ ಕಮಿಟಿ ಸೇರಿ, ಈ ಸಲ ಎರಡೂ ಸಭೆಯವರು ಮಳವಳ್ಳಿಯಲ್ಲೇ ಒಟ್ಟಾಗಿ ಆರಾಧನೆ ಮಾಡೋಣ, ಊರಿಗೊಬ್ಬರಂತೆ ಇಬ್ಬರು ಮಾತಾಡಲಿ, ಹಾಡುವುದಕ್ಕೆ ಮಂಡ್ಯದವರನ್ನು ಕರೆಯೋಣ ಎಂದು ತೀರ್ಮಾನಿಸಿತು. ಮಳವಳ್ಳಿಯ ಪರವಾಗಿ ಒಬ್ಬ ನಿವೃತ್ತ ಹೆಡ್‌ಮಿಸ್ಸು, ಮದ್ದೂರಿನ ಪರವಾಗಿ ನಾನು.

ಆ ಬೆಳಿಗ್ಗೆ ನನ್ನ ಜೊತೆ ಬಸ್ಸಿನಲ್ಲಿ ಬಂದವರು ಕೊಪ್ಪದ ಅತ್ತೆ, ಯಜಮಾನರ ಸೋದರತ್ತೆ. ಎರಡು ಹಸು ಕರೆದು, ಡೈರಿಗೆ ಹಾಲು ಹಾಕಿ, ಸ್ನಾನ ಮಾಡಿ ಹೊರಟು ಬಂದಿದ್ದರು. ದಾರಿಯುದ್ದಕ್ಕೂ ನಾನು ಕಾಗದ ತೆಗೆದು ನೋಡುವುದು, ಬ್ಯಾಗಿಗೆ ಹಾಕುವುದು, ಮತ್ತೆ ತೆಗೆಯುವುದು.

"ಅದೇನ್ ಕೋಳಿ ಮರಿ ಇಟ್ಕಂಡಿದೀಯಾ ಬ್ಯಾಗ್ನಾಗೆ? ಸುಮ್ಕಿರು, ಎಲ್ಲೂ ಓಗಾಕಿಲ್ಲ ಅದು" ಅಂದರು ಅತ್ತೆ.

ಮಳವಳ್ಳಿ ಚರ್ಚು ಭರ್ತಿಯಾಗಿತ್ತು. ಮೊದಲು ಹೆಡ್‌ಮಿಸ್ಸು ಎದ್ದರು. ಕನ್ನಡಕ ಸರಿಮಾಡಿಕೊಂಡು ಶುರುಮಾಡಿದರು: "ಪ್ರಿಯ ಸಹೋದರಿಯರೇ, ಕನ್ನಡಿಯ ಮುಂದೆ ನಿಂತಾಗ ನೀವು ಯಾರನ್ನು ಕಾಣುತ್ತೀರಿ?"

ಆ ಸಾಲನ್ನು ನಾನು ಹದಿನೈದು ದಿನ ನಮ್ಮ ಮನೆಯ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದೆ. ಹೋಗಲಿ, ಒಂದು ಸಾಲು ತಾನೇ, ಕಾಕತಾಳೀಯ ಇರಬಹುದು ಅಂದುಕೊಂಡೆ. ಎರಡನೆಯ ಸಾಲೂ ಅದೇ ಬಂತು. ಅಯ್ಯನವರು ನನಗೆ ಕೊಟ್ಟ ಪುಟದಲ್ಲಿ 'ಇಲ್ಲಿ ಸ್ವಲ್ಪ ನಿಲ್ಲಿಸಿ' ಎಂದು ಗುರುತು ಹಾಕಿದ್ದ ಕಡೆ ಅವರೂ ನಿಲ್ಲಿಸಿದರು. ತಿರುಗಿ ನೋಡಿದೆ. ಕೊನೆಯ ಬೆಂಚಿನಲ್ಲಿ ಕೂತಿದ್ದ ಅಯ್ಯನವರು ಛಾವಣಿಯ ಫ್ಯಾನನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು.

"ಅತ್ತೆ, ಅದು ನಂದು" ಎಂದು ಪಿಸುಗುಟ್ಟಿದೆ.

"ಏನ್ ನಿಂದು?"

"ಅವರು ಓದ್ತಿರೋದು. ಪೂರ್ತಿ ನಂದೇ."

ಅತ್ತೆ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದರು. "ಅಂಗಾರೆ ಆಯಮ್ಮನೇ ಓದ್ಲಿ ಬುಡು. ನಿನಗಿಂತ ಚೆನ್ನಾಗ್ ಓದ್ತಾವ್ಳೆ."

"ಆಮೇಲೆ ನಾನೇನು ಹೇಳಲಿ?"

"ನನ್ ಕೇಳ್ತೀಯಲ್ಲ. ನಿನ್ ಬಾಯಿ ತಾನೆ?"

ಎಂಟು ಪುಟ ಮುಗಿಯಲು ಇಪ್ಪತ್ತು ನಿಮಿಷ ಬೇಕು. ಆ ಇಪ್ಪತ್ತು ನಿಮಿಷ ನಾನು ಎಲ್ಲವನ್ನೂ ಯೋಚಿಸಿದೆ. ತಲೆ ಸುತ್ತು ಬಂದ ಹಾಗೆ ಕೂತುಬಿಡಬಹುದು. ನಾನು ನರ್ಸು, ಅದರ ಲಕ್ಷಣಗಳು ಬಾಯಿಪಾಠ. ಒಂದು ಹಾಡು ಹೇಳಿ ಇಳಿದುಬಿಡಬಹುದು. ಆದರೆ ನನ್ನ ಹಾಡು ಕೇಳಿದವರು ನಮ್ಮ ಯಜಮಾನರನ್ನು ಕಂಡು ಮರುಗುತ್ತಾರೆ. ಕೊನೆಗೆ ಉಳಿದದ್ದು ಒಂದೇ ಪ್ರಶ್ನೆ, ಅದೇ ಕಾಗದದ ಮೊದಲ ಸಾಲಿನ ಪ್ರಶ್ನೆ. ಈ ಕಾಗದ ತೆಗೆದರೆ ನನ್ನದು ಅಂತ ಹೇಳಿಕೊಳ್ಳಲು ಏನಾದರೂ ಇದೆಯೋ, ಇಲ್ಲವೋ? ಇಲ್ಲ ಅಂತಾದರೆ ಇನ್ನೂರು ಜನರ ಮುಂದೆ ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನನಗೇ ಗೊತ್ತಾಗುತ್ತದೆ.

ನನ್ನನ್ನು ಕರೆದರು. ಕಾಗದ ಬೆಂಚಿನ ಮೇಲೆ ಬಿಟ್ಟು ಎದ್ದೆ.

"ನಾನು ಚಿಂತೆ ಮಾಡುವವಳು" ಎಂದು ಶುರುಮಾಡಿದೆ. ಬಾಯಿಗೆ ಬಂದದ್ದು ಅದೊಂದೇ ನಿಜ.

"ವಸಿ ಜೋರಾಗ್ ಮಾತಾಡಮ್ಮಿ, ಇಂದ್ಗಡೆ ಕೇಳಾಕಿಲ್ಲ" ಎಂದು ಅತ್ತೆಯ ದನಿ ಬಂತು. ಜನ ನಕ್ಕರು. ನಾನೂ ನಕ್ಕೆ. ದನಿ ಏರಿಸಿದೆ.

ನಾನು ಹೇಳಿದ್ದು ಇಷ್ಟು. ನರ್ಸಿಂಗ್ ಹೋಮಿನಿಂದ ಮನೆಗೆ ಹೋದ ಬಾಣಂತಿಯರಿಗೆಲ್ಲ ನಾನು ಫೋನ್ ಮಾಡುತ್ತೇನೆ. ಅದು ನನ್ನ ಕೆಲಸವಲ್ಲ, ಯಾರೂ ಹೇಳಿಲ್ಲ. ಮಾಡದಿದ್ದರೆ ನನಗೆ ಊಟ ಸೇರುವುದಿಲ್ಲ, ಅಷ್ಟೆ. ಬಸರಾಳಿನ ಒಬ್ಬ ರೈತರ ಮನೆಯ ಹುಡುಗಿ ಹೆತ್ತು ಮನೆಗೆ ಹೋಗಿದ್ದಳು. ಕಾಲು ಊದಿಕೊಂಡಿದ್ದದ್ದು ನನ್ನ ತಲೆಯಿಂದ ಹೋಗಿರಲಿಲ್ಲ. ಮೂರನೆಯ ಸಲ ಫೋನ್ ಮಾಡಿದಾಗ ಅವಳ ತಾಯಿ ಎತ್ತಿಕೊಂಡರು.

"ಇನ್ನೂ ಎಷ್ಟ್ ಸಲ ಮಾಡೀಯೆ ಸಿಸ್ಟ್ರಮ್ಮ? ಮಗೀಗೆ ಎಸ್ರು ಇಕ್ಕಕ್ಕೂ ನಿನ್ನೇ ಕೇಳ್ಬೇಕಾ?"

"ತಲೆನೋವು ಇದೆಯಾ ಅವಳಿಗೆ?"

"ಅದೆ. ಬಾಣ್ತಿ ಅಂದ್ಮೇಲೆ ಇರಾಕಿಲ್ವಾ?"

"ಕಣ್ಣು ಮಂಜಾಗುತ್ತಾ ಕೇಳಿ."

ಅವರು ಒಳಗೆ ಹೋಗಿ ಮಗಳನ್ನು ಕೇಳಿ ಬಂದರು. ಆಮೇಲೆ ಮೆಲ್ಲಗೆ, "ಅದೆಂಗ್ ಗೊತ್ತಾಯ್ತು ನಿಂಗೆ?"

ಕೂಡಲೇ ಕರೆತರಲು ಹೇಳಿದೆ. ಒಂದು ಗಂಟೆಯಲ್ಲಿ ಆಟೊದಲ್ಲಿ ಬಂದರು. ರಕ್ತದೊತ್ತಡ ಬಹಳ ಏರಿತ್ತು, ಇನ್ನು ಸ್ವಲ್ಪ ತಡವಾಗಿದ್ದರೆ ಫಿಟ್ಸ್ ಬರುತ್ತಿತ್ತು. ಹುಡುಗಿ ಉಳಿದಳು. ಡಾಕ್ಟರು ಅದೃಷ್ಟ ಅಂದರು. ನಾನೂ ಹೌದು ಅಂದೆ.

"ಇಪ್ಪತ್ತು ವರ್ಷದಿಂದ ನಾನು ಒಂದೇ ಪ್ರಾರ್ಥನೆ ಮಾಡುತ್ತಿದ್ದೇನೆ" ಎಂದೆ ಸಭೆಗೆ. "ಕರ್ತನೇ, ಈ ಚಿಂತೆಯನ್ನು ನನ್ನಿಂದ ತೆಗೆದುಬಿಡು ಅಂತ. ಅವನು ತೆಗೆದಿಲ್ಲ. ಇವತ್ತು, ಇಲ್ಲಿ ನಿಂತ ಮೇಲೆ, ನನಗೆ ಅನ್ನಿಸುತ್ತಿದೆ: ತಾನೇ ಇಟ್ಟದ್ದನ್ನು ಅವನು ಯಾಕೆ ತೆಗೆಯುತ್ತಾನೆ? ಬೀಗ ಎಳೆದು ನೋಡುವುದು ನನ್ನ ಹುಚ್ಚು, ಅದನ್ನು ದೇವರ ತಲೆಗೆ ಕಟ್ಟುವುದಿಲ್ಲ. ಆದರೆ ಇನ್ನೊಬ್ಬರ ಮಗಳ ಊದಿದ ಕಾಲನ್ನು ಮರೆಯಲಾರದ ಮನಸ್ಸು ಇದೆಯಲ್ಲ, ಅದು ಅವನು ಕೊಟ್ಟದ್ದು. ಅದೇ ನನ್ನ ಗುರುತು. ಫೋನ್ ಮಾಡುವುದು ನನ್ನ ಕೆಲಸ. ನಾನು ಇನ್ನು ಅದಕ್ಕೆ ನಾಚಿಕೆಪಡುವುದಿಲ್ಲ."

ಆರು ನಿಮಿಷವೂ ಆಗಿರಲಿಲ್ಲ. ಇಳಿದು ಬಂದು ಕೂತೆ. ಮಾತು ಮುಗಿದ ಮೇಲೆ ಚಪ್ಪಾಳೆ ತಟ್ಟುವ ರೂಢಿ ನಮ್ಮಲ್ಲಿಲ್ಲ. ಮಂಡ್ಯದವರು ಹಾಡು ಎತ್ತಿಕೊಂಡರು. ಅತ್ತೆ ನನ್ನ ಕಡೆ ನೋಡದೆ, "ನಂಗೂ ಫೋನ್ ಮಾಡು ಆಗಾಗ. ಮಂಡಿ ನೋವು" ಅಂದರು.

ಹೊರಗೆ ಬಂದಾಗ ಹೆಡ್‌ಮಿಸ್ಸು ಬೆಂಚಿನ ಮೇಲೆ ನಾನು ಬಿಟ್ಟಿದ್ದ ಕಾಗದ ಹಿಡಿದುಕೊಂಡು ಬಂದರು. ಮೊದಲ ಪುಟ ನೋಡಿ ಅವರ ಮುಖ ಕೆಂಪಾಗಿತ್ತು.

"ನೀವೂನಾ?" ಅಂದರು.

"ನಾನೂ ಮಿಸ್."

"ಮೂವತ್ತೈದು ವರ್ಷ ಕಾಪಿ ಹೊಡೆಯೋ ಮಕ್ಕಳನ್ನ ಹಿಡಿದಿದ್ದೀನಿ ನಾನು." ಇಬ್ಬರೂ ಗೋಡೆಗೆ ಒರಗಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅಯ್ಯನವರು ಬಂದು, ಬೇರೆ ಬೇರೆ ಸಭೆ ಅಂದುಕೊಂಡು ಇಬ್ಬರಿಗೂ ಒಂದನ್ನೇ ಕೊಟ್ಟಿದ್ದೆನೆಂದೂ ಆಮೇಲೆ ಮರೆತೇಹೋಯಿತೆಂದೂ ಹೇಳಿದರು. ಮರೆಯುವ ವರ ಅವರಿಗೆ ಧಾರಾಳವಾಗಿ ಸಿಕ್ಕಿದೆ. ಒಳ್ಳೆಯ ಮನುಷ್ಯ.

ಊಟಕ್ಕೆ ಕೂತಾಗ ಒಬ್ಬ ಹುಡುಗಿ ತಟ್ಟೆ ಹಿಡಿದು ಪಕ್ಕಕ್ಕೆ ಬಂದಳು. ಮಳವಳ್ಳಿ ಸಭೆಯ ಸೊಸೆ, ಗಾರ್ಮೆಂಟ್ಸಿಗೆ ಹೋಗುವವಳು.

"ಮುಂದಿನ ವರ್ಷಕ್ಕೆ ನನ್ ಎಸ್ರು ಬರ್ಕೊಂಡ್ರು ಆಂಟಿ. ನೀವೇ ಒಂಚೂರು ಬರ್ದುಕೊಡಿ. ನಾನು ನಕಲು ಮಾಡ್ಕೊತೀನಿ."

ಸುಳ್ಳು ಹೇಳಬಾರದು: ಅವಳು ಕೇಳಿದ ಕ್ಷಣದಲ್ಲೇ ನನ್ನ ತಲೆಯಲ್ಲಿ ನಾಲ್ಕು ಪುಟ ಸಿದ್ಧವಾಗಿದ್ದವು, ಒಳ್ಳೆಯ ಆರಂಭವೂ ಹೊಳೆದಿತ್ತು. ಕಷ್ಟಪಟ್ಟು ನುಂಗಿಕೊಂಡೆ.

"ಬರೆದುಕೊಡಲ್ಲ ಕಣಮ್ಮ. ಫ್ಯಾಕ್ಟ್ರೀಲಿ ನಿನ್ನ ಕೆಲಸ ಏನು?"

"ಚೆಕಿಂಗು. ಒಲಿಗೆ ತಪ್ಪಿರೋ ಪೀಸ್ನ ವಾಪಸ್ ಕಳ್ಸೋದು. ಅದ್ರಾಗೇನದೆ ಪ್ರಸಂಗ ಮಾಡಾಕೆ?"

"ವಾಪಸ್ ಕಳಿಸಿದರೆ ಹೊಲಿದವಳು ಬಯ್ಯಲ್ವಾ?"

"ಬಯ್ತಾರೆ. ಅದಕ್ಕೇ ನಾನು ಸೂಪರ್‌ವೈಸರ್ ಕಣ್ಣಿಗೆ ಬೀಳಕ್ಕೆ ಮುಂಚೆ ಅವಳ ಮಿಷನ್ ತಾವ್ಕೇ ಓಗಿ..." ಅಂದವಳು ತಡೆದಳು. ಆಮೇಲೆ ತಟ್ಟೆ ಕೆಳಗಿಟ್ಟು, ಎರಡೂ ಕೈ ಎತ್ತಿ, ಬಟ್ಟೆಯನ್ನು ಹೇಗೆ ತಿರುಗಿಸಿ ಹೊಲಿದವಳಿಗೆ ತಪ್ಪನ್ನು ತೋರಿಸುತ್ತಾಳೆಂದು ಹೇಳತೊಡಗಿದಳು. ನಡುವೆ ಬಾಯಿ ಹಾಕದೆ ಕೇಳುತ್ತಾ ಕೂತೆ. ನನ್ನಂಥವಳಿಗೆ ಅದೇನೂ ಸುಲಭವಲ್ಲ.